55 ಕ್ಯಾನ್ಕ್ರಿ ಇ: ಪುಷ್ಯದ ಸೀಮೆಯ ಕಾದ ಗ್ರಹ

ಕರ್ಕಾಟಕ ರಾಶಿಯ 55 ಕ್ಯಾನ್ಕ್ರಿ ನಕ್ಷತ್ರವನ್ನು ಅತಿ ಹತ್ತಿರದಿಂದ ಸುತ್ತುವ ಶಿಲಾಗ್ರಹ. ಅಧಿಕೃತ ಹೆಸರು ಯಾನ್ಸೆನ್. ಭೂಮಿಯಿಂದ ಸುಮಾರು 41 ಜ್ಯೋತಿರ್ವರ್ಷ ದೂರದಲ್ಲಿದೆ. ದ್ರವ್ಯರಾಶಿ ಭೂಮಿಯದರ ಸುಮಾರು ಎಂಟರಷ್ಟು, ವ್ಯಾಸ ಎರಡರಷ್ಟಕ್ಕಿಂತ ತುಸು ಕಡಿಮೆ. ತನ್ನ ನಕ್ಷತ್ರವನ್ನು ಒಂದು ಸುತ್ತು ಹಾಕಲು ಇದಕ್ಕೆ ಬೇಕಾಗುವುದು 17 ಗಂಟೆ 41 ನಿಮಿಷ. ನಮ್ಮಲ್ಲಿ ಒಂದು ಹಗಲು ರಾತ್ರಿ ಕಳೆಯುವುದರೊಳಗೆ ಅಲ್ಲಿ ಒಂದು ವರ್ಷ ಮುಗಿದು ಇನ್ನೊಂದು ಶುರುವಾಗಿರುತ್ತದೆ.

ಭೂಮಿಗಿಂತ ಭಾರವಾಗಿದ್ದು ನೆಪ್ಚೂನಿಗಿಂತ ಹಗುರಾದ, ಅಂದಾಜು ಹತ್ತು ಭೂಮಿಗಳಷ್ಟು ತೂಕದವರೆಗಿನ ಗ್ರಹಗಳನ್ನು ಸೂಪರ್ ಅರ್ತ್‌ಗಳೆಂದು ಕರೆಯುತ್ತಾರೆ. ಇದು ಗಾತ್ರಕ್ಕೆ ಕೊಟ್ಟ ಹೆಸರು, ಗುಣಕ್ಕಲ್ಲ. ಹೆಸರಿನಲ್ಲಿ ಭೂಮಿ ಇದೆಯೆಂದು ನೀರು, ಗಾಳಿ, ಹಸಿರು ಹುಡುಕಬಾರದು. ನಮ್ಮ ಸೌರವ್ಯೂಹದಲ್ಲಿ ಈ ಜಾತಿಯ ಗ್ರಹ ಒಂದೂ ಇಲ್ಲ. ಬೇರೆ ನಕ್ಷತ್ರಗಳ ಸುತ್ತ ಮಾತ್ರ ಹೇರಳವಾಗಿ ಸಿಕ್ಕಿವೆ. ಅವುಗಳಲ್ಲಿ ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ ಸುತ್ತು ಮುಗಿಸುವವು ಅಪರೂಪ. ಸೂರ್ಯನಂಥ ಇನ್ನೂರು ನಕ್ಷತ್ರಗಳನ್ನು ಪರೀಕ್ಷಿಸಿದರೆ ಸುಮಾರು ಒಂದರಲ್ಲಿ ಅಂಥ ಗ್ರಹ ಸಿಗುತ್ತದೆ. 55 ಕ್ಯಾನ್ಕ್ರಿ ಇ ಈ ಚಿಕ್ಕ ಗುಂಪಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು, ಅತಿ ಹೆಚ್ಚು ಸಲ ರೂಪ ಬದಲಿಸಿದ್ದು ಕೂಡ. ಬದಲಾದದ್ದು ಗ್ರಹವಲ್ಲ, ನಮ್ಮ ಲೆಕ್ಕ. ಅದರ ತೂಕ, ಗಾತ್ರ, ಸುತ್ತಿನ ಅವಧಿ ಇಂದು ಗಟ್ಟಿಯಾಗಿ ಗೊತ್ತು. ಅದರ ಒಡಲು ಮತ್ತು ಗಾಳಿಯ ಬಗೆಗಿನ ಮಾತುಗಳು ಇನ್ನೂ ಹಸಿಯಾಗಿವೆ. ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ನಕ್ಷತ್ರ ಮತ್ತು ಅದನ್ನು ಕಾಣುವ ಬಗೆ

55 ಕ್ಯಾನ್ಕ್ರಿ ಹಳದಿ ಬಣ್ಣದ, ಸೂರ್ಯನಿಗಿಂತ ಸ್ವಲ್ಪ ಚಿಕ್ಕ, ಸ್ವಲ್ಪ ತಣ್ಣಗಿನ ನಕ್ಷತ್ರ. ಸೂರ್ಯನ ದ್ರವ್ಯರಾಶಿಯ ಹತ್ತರಲ್ಲಿ ಒಂಬತ್ತು ಪಾಲು ಇದಕ್ಕಿದೆ. ಮೇಲ್ಮೈಯ ಉಷ್ಣತೆ ಸುಮಾರು 5,200 ಕೆಲ್ವಿನ್, ಸೂರ್ಯನದು ಸುಮಾರು 5,800. ಬೆಳಕು ಸೂರ್ಯನ ಅರ್ಧಕ್ಕಿಂತ ತುಸು ಹೆಚ್ಚು. ವಯಸ್ಸು ಸೂರ್ಯನಿಗಿಂತ ಬಹಳ ಹೆಚ್ಚು, ಸಾವಿರ ಕೋಟಿ ವರ್ಷದ ಆಸುಪಾಸು ಎಂದು ಅಂದಾಜು. ಹಳೆಯ ನಕ್ಷತ್ರಗಳಲ್ಲಿ ಲೋಹದ ಅಂಶ ಸಾಮಾನ್ಯವಾಗಿ ಕಡಿಮೆ. ಇಲ್ಲಿ ಮಾತ್ರ ಕಬ್ಬಿಣ ಸೂರ್ಯನಲ್ಲಿರುವುದರ ಎರಡರಷ್ಟಿದೆ. ಗ್ರಹಗಳು ಹುಟ್ಟುವುದು ನಕ್ಷತ್ರ ಹುಟ್ಟಿ ಉಳಿದ ದೂಳಿನಿಂದಲೇ ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಜೊತೆಗೆ, ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸಾವಿರ ಪಟ್ಟು ದೂರದಲ್ಲಿ ಒಂದು ಮಂಕಾದ ಕೆಂಪು ಕುಬ್ಜ ನಕ್ಷತ್ರ ಇದರ ಜೊತೆಗಾರನಾಗಿದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯ ರೈತರಿಗೆ ಈ ನಕ್ಷತ್ರ ಇರುವ ಆಕಾಶದ ಭಾಗ ಹೆಸರಿನಿಂದಲಾದರೂ ಪರಿಚಿತ. ಜುಲೈ ಕೊನೆಯ ಹತ್ತು ಹನ್ನೆರಡು ದಿನ ಬೀಳುವ ಪುಷ್ಯ ಮಳೆಗೆ ಹೆಸರು ಕೊಟ್ಟ ಪುಷ್ಯ ನಕ್ಷತ್ರ ಕರ್ಕಾಟಕದಲ್ಲೇ ಇದೆ. ಕ್ರಾಂತಿವೃತ್ತವನ್ನು ಇಪ್ಪತ್ತೇಳು ಪಾಲು ಮಾಡುವ ಪಂಚಾಂಗದ ಲೆಕ್ಕ ಹಿಡಿದರೆ 55 ಕ್ಯಾನ್ಕ್ರಿ ಕೂಡ ಪುಷ್ಯದ ಪಾಲಿಗೇ ಬರುತ್ತದೆ. ಆದರೆ ಪುಷ್ಯ ಮಳೆ ಎಂದರೆ ಸೂರ್ಯ ಪುಷ್ಯದಲ್ಲಿ ನಿಂತ ಕಾಲ; ಆಗ ಈ ನಕ್ಷತ್ರ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ನೋಡಬೇಕಾದರೆ ಅದಕ್ಕೆ ಆರು ತಿಂಗಳು ಆಚೀಚಿನ ಕಾಲವೇ ಬೇಕು.

ಇದೇ ಸೀಮೆಯ ಬಾದನಹಟ್ಟಿಯಿಂದ ನೋಡುವುದಾದರೆ ಫೆಬ್ರುವರಿ ಮೊದಲ ವಾರ ನಡುರಾತ್ರಿಗೆ, ಮಾರ್ಚ್ ಕೊನೆಗೆ ರಾತ್ರಿ ಎಂಟೂವರೆ ಸುಮಾರಿಗೆ ಇದು ನೆತ್ತಿಯಿಂದ ಹದಿಮೂರು ಡಿಗ್ರಿ ಉತ್ತರಕ್ಕೆ ಬಂದಿರುತ್ತದೆ. ಪುನರ್ವಸುವಿನ ಜೋಡಿ ನಕ್ಷತ್ರಗಳಿಗೂ ಸಿಂಹದ ತಲೆಗೂ ನಡುವೆ ಮಬ್ಬಾಗಿ ಕಾಣುವ ಜೇನುಗೂಡು ಗುಚ್ಛವನ್ನು ಮೊದಲು ಗುರುತಿಸಬೇಕು. ಅಲ್ಲಿಂದ ಒಂಬತ್ತು ಡಿಗ್ರಿ ಉತ್ತರಕ್ಕೆ ಹೋದರೆ ಅಯೋಟ ಕ್ಯಾನ್ಕ್ರಿ ಎಂಬ ನಾಲ್ಕನೇ ಕಾಂತಿಮಾನದ ನಕ್ಷತ್ರ ಸಿಗುತ್ತದೆ. ಅದರ ಪೂರ್ವಕ್ಕೆ ಒಂದೂಕಾಲು ಡಿಗ್ರಿಯಲ್ಲಿ ಇರುವುದೇ 55 ಕ್ಯಾನ್ಕ್ರಿ. ಕಾಂತಿಮಾನ 5.95, ಬರಿಗಣ್ಣಿಗೆ ಎಟಕುವ ಬೆಳಕಿನ ಕಟ್ಟಕಡೆಯ ಅಂಚು. ಊರದೀಪಗಳಿಂದ ದೂರವಾದ ಗದ್ದೆ ಬಯಲಿನಲ್ಲಿ, ಚಂದ್ರನಿಲ್ಲದ ರಾತ್ರಿ, ಚುರುಕು ಕಣ್ಣಿನವರಿಗೆ ಕಂಡೀತು. ಸಾಧಾರಣ ಬೈನಾಕ್ಯುಲರ್ ಇದ್ದರೆ ಯಾರಿಗಾದರೂ ಕಾಣುತ್ತದೆ. ಗ್ರಹವಂತೂ ಯಾವ ದೂರದರ್ಶಕಕ್ಕೂ ಬಿಡಿಯಾಗಿ ಕಂಡಿಲ್ಲ. ಅದರ ಬಗ್ಗೆ ಗೊತ್ತಿರುವುದೆಲ್ಲ ನಕ್ಷತ್ರದ ಬೆಳಕಿನಲ್ಲಿ ಅದು ಉಂಟುಮಾಡುವ ಸೂಕ್ಷ್ಮ ಏರುಪೇರುಗಳಿಂದ ತಿಳಿದದ್ದು.

ಪತ್ತೆ

ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಸಿಕ್ಕದ್ದು 1995ರಲ್ಲಿ, ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರಿಗೆ. ಮರು ವರ್ಷವೇ ಅಮೆರಿಕದ ಜೆಫ್ರಿ ಮಾರ್ಸಿ, ಪಾಲ್ ಬಟ್ಲರ್ 55 ಕ್ಯಾನ್ಕ್ರಿಯ ಸುತ್ತ 14.65 ದಿನದಲ್ಲಿ ಸುತ್ತುವ, ಗುರುವಿಗಿಂತ ತುಸು ಹಗುರಾದ ಗ್ರಹವೊಂದನ್ನು ಪ್ರಕಟಿಸಿದರು. 2002ರಲ್ಲಿ ಇನ್ನೆರಡು ಸೇರಿದವು. 2004ರಲ್ಲಿ ಬಾರ್ಬರಾ ಮ್ಯಾಕಾರ್ಥರ್ ತಂಡ ಟೆಕ್ಸಾಸ್‌ನ ಹಾಬಿ-ಎಬರ್ಲಿ ದೂರದರ್ಶಕದ ನೆರವಿನಿಂದ ನಾಲ್ಕನೆಯದನ್ನು ಕಂಡುಹಿಡಿಯಿತು. ಅದೇ ಈ ಲೇಖನದ ಗ್ರಹ. 2007ರಲ್ಲಿ ಡೆಬ್ರಾ ಫಿಶರ್ ಮತ್ತು ಸಂಗಡಿಗರು 260 ದಿನದ ಸುತ್ತಿನ ಐದನೆಯದನ್ನು ಸೇರಿಸಿದಾಗ, ಐದು ಗ್ರಹಗಳಿರುವುದು ಗೊತ್ತಾದ ಮೊದಲ ಹೊರನಕ್ಷತ್ರವೆಂಬ ಹೆಸರು ಇದಕ್ಕೆ ಬಂತು.

ಇವೆಲ್ಲ ರೋಹಿತದ ಮೂಲಕ ಸಿಕ್ಕವು. ಗ್ರಹ ಸುತ್ತುವಾಗ ನಕ್ಷತ್ರವೂ ತುಸು ಓಲಾಡುತ್ತದೆ. ನಮ್ಮ ಕಡೆಗೆ ಬರುವಾಗ ಅದರ ರೋಹಿತದ ಗೆರೆಗಳು ನೀಲಿಯತ್ತ, ದೂರ ಸರಿಯುವಾಗ ಕೆಂಪಿನತ್ತ ಸರಿಯುತ್ತವೆ. 55 ಕ್ಯಾನ್ಕ್ರಿ ಇ ತನ್ನ ನಕ್ಷತ್ರವನ್ನು ಓಲಾಡಿಸುವ ವೇಗ ಸೆಕೆಂಡಿಗೆ ಆರು ಮೀಟರು ಮಾತ್ರ. ಅಷ್ಟು ಚಿಕ್ಕ ಓಲಾಟವನ್ನು ಇನ್ನೂ ನಾಲ್ಕು ಗ್ರಹಗಳ ಓಲಾಟದ ನಡುವೆಯಿಂದ ಹೆಕ್ಕಿ ತೆಗೆಯಬೇಕಾಗಿತ್ತು.

2004ರ ಲೆಕ್ಕದಲ್ಲಿ ಈ ಗ್ರಹದ ಸುತ್ತಿನ ಅವಧಿ 2.8 ದಿನ, ತೂಕ 14 ಭೂಮಿಗಳಷ್ಟು ಎಂದು ಬಂದಿತ್ತು. ಆರು ವರ್ಷ ಎಲ್ಲರೂ ಅದನ್ನೇ ನಂಬಿದರು. 2010ರಲ್ಲಿ ರೆಬೆಕಾ ಡಾಸನ್ ಮತ್ತು ಡೇನಿಯಲ್ ಫ್ಯಾಬ್ರಿಕಿ ಹಳೆಯ ಅಳತೆಗಳನ್ನೇ ಮತ್ತೆ ಜಾಲಾಡಿ ಅವಧಿ 0.74 ದಿನ ಎಂದು ತೋರಿಸಿಕೊಟ್ಟರು. ಈ ಪ್ರಸಂಗ ಬಿಡಿಸಿ ಹೇಳಲು ಯೋಗ್ಯ. ನೆಲದ ಮೇಲಿನ ದೂರದರ್ಶಕ ನಕ್ಷತ್ರವನ್ನು ನೋಡುವುದು ರಾತ್ರಿ ಮಾತ್ರ, ಅಂದರೆ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗೊಮ್ಮೆ. ಅಷ್ಟರಲ್ಲಿ ಈ ಗ್ರಹ ಒಂದು ಪೂರ್ತಿ ಸುತ್ತು ಮುಗಿಸಿ ಎರಡನೆಯದರಲ್ಲಿ ಮೂರನೇ ಒಂದು ಭಾಗ ದಾಟಿರುತ್ತದೆ. ನೋಡುವವನಿಗೆ ಆ ಪೂರ್ತಿ ಸುತ್ತು ಕಾಣುವುದೇ ಇಲ್ಲ. ಮೂರನೇ ಒಂದು ಭಾಗದಷ್ಟು ಮಾತ್ರ ಸಾಗಿದೆ ಎಂದುಕೊಂಡು, ಸುತ್ತು ಮುಗಿಯಲು ಹತ್ತಿರ ಹತ್ತಿರ ಮೂರು ದಿನ ಬೇಕೆಂದು ಲೆಕ್ಕ ಹಾಕುತ್ತಾನೆ. ಹೊಸ ಉಪಕರಣವಿಲ್ಲದೆ, ಹೊಸ ಅಳತೆಯಿಲ್ಲದೆ, ಬರೀ ಲೆಕ್ಕದ ಎಚ್ಚರದಿಂದ ಒಂದು ಗ್ರಹವನ್ನು ಅದರ ನಿಜವಾದ ಜಾಗಕ್ಕೆ ತಂದು ಕೂರಿಸಿದ ಈ ಕೆಲಸ, ಈ ಗ್ರಹದ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಚೆಲುವಾದದ್ದು. ಅವಧಿ ಇಳಿದಾಗ ತೂಕವೂ ಇಳಿಯಿತು. ಜೊತೆಗೆ, ನಕ್ಷತ್ರಕ್ಕೆ ಅಷ್ಟು ಹತ್ತಿರವಿದ್ದರೆ ಅದು ನಮ್ಮ ದೃಷ್ಟಿಗೆ ಅಡ್ಡ ಹಾಯುವ ಸಂಭವವೂ ಹೆಚ್ಚು ಎಂಬ ಸುಳಿವು ಸಿಕ್ಕಿತು.

ಸುಳಿವು ಸುಳ್ಳಾಗಲಿಲ್ಲ. 2011ರಲ್ಲಿ ಜೋಶುವಾ ವಿನ್ ತಂಡ ಕೆನಡಾದ ಮೋಸ್ಟ್ ಎಂಬ ಪುಟ್ಟ ಉಪಗ್ರಹದಿಂದಲೂ, ಬ್ರೀಸ್-ಒಲಿವಿಯೆ ಡೆಮರಿ ತಂಡ ನಾಸಾದ ಸ್ಪಿಟ್ಜರ್ ದೂರದರ್ಶಕದಿಂದಲೂ ಗ್ರಹ ನಕ್ಷತ್ರದ ಮುಂದೆ ಹಾಯುವುದನ್ನು ಬೇರೆ ಬೇರೆಯಾಗಿ ಹಿಡಿದರು. ಅದನ್ನು ಸಂಕ್ರಮಣ ಎನ್ನುತ್ತಾರೆ. ಗ್ರಹಣದ ಅತಿ ಚಿಕ್ಕ ರೂಪ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದ್ದನ್ನು ಈ ಭಾಗದ ಹಿರಿಯರು 1980ರ ಫೆಬ್ರುವರಿ 16ರ ಮಧ್ಯಾಹ್ನದ ಮೇಲೆ ಕಂಡಿದ್ದಾರೆ. ಆ ಖಗ್ರಾಸ ಗ್ರಹಣದ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಬಳಿಯ ಹೊಸೂರಿನಲ್ಲೂ, ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಗುವ ಸಿಂಧನೂರು ಸೀಮೆಯ ಜವಳಗೇರಾದಲ್ಲೂ ಬೀಡುಬಿಟ್ಟಿದ್ದರು. ಅಂದು ಚಂದ್ರ ಮುಚ್ಚಿದ್ದು ಸೂರ್ಯನ ಇಡೀ ಬಿಂಬವನ್ನು. 55 ಕ್ಯಾನ್ಕ್ರಿ ಇ ಮುಚ್ಚುವುದು ತನ್ನ ನಕ್ಷತ್ರದ ಹತ್ತು ಸಾವಿರ ಪಾಲಿನಲ್ಲಿ ಮೂರು ಪಾಲನ್ನು. 2014ರ ಹೊತ್ತಿಗೆ ಲಾ ಪಾಲ್ಮಾ ದ್ವೀಪದ ಎರಡೂವರೆ ಮೀಟರಿನ ದೂರದರ್ಶಕದಿಂದ, ನೆಲದ ಮೇಲೆ ನಿಂತೇ, ಅಷ್ಟು ಚಿಕ್ಕ ಮಸುಕನ್ನು ಅಳೆದು ತೋರಿಸಿದರು.

ಸಂಕ್ರಮಣದಿಂದ ವ್ಯಾಸ ಸಿಗುತ್ತದೆ, ಓಲಾಟದಿಂದ ತೂಕ. ಎರಡೂ ಸಿಕ್ಕರೆ ಸಾಂದ್ರತೆ. ವ್ಯಾಸ ಭೂಮಿಯ 1.88ರಷ್ಟು, ಸಾಂದ್ರತೆ ಘನ ಸೆಂಟಿಮೀಟರಿಗೆ 6.7 ಗ್ರಾಂ ಹತ್ತಿರ. ಭೂಮಿಯದು 5.5. ಸಂಖ್ಯೆ ನೋಡಿದರೆ ಈ ಗ್ರಹ ಭೂಮಿಗಿಂತ ಗಟ್ಟಿ ಎನಿಸುತ್ತದೆ. ಆದರೆ ಎಂಟು ಭೂಮಿಗಳ ತೂಕ ಒಂದೆಡೆ ಸೇರಿದಾಗ ಒಳಗಿನ ಕಲ್ಲು, ಕಬ್ಬಿಣ ತಮ್ಮ ಭಾರಕ್ಕೇ ಕುಗ್ಗುತ್ತವೆ. ಆ ಕುಗ್ಗನ್ನು ಲೆಕ್ಕಕ್ಕೆ ಹಿಡಿದರೆ, ಭೂಮಿಯಂಥದೇ ಸರಕಿನಿಂದ ಆಗಿದ್ದಿದ್ದರೆ ಇದು ಇನ್ನೂ ಸಾಂದ್ರವಾಗಿರಬೇಕಿತ್ತು. ಅಂದರೆ ಒಡಲಲ್ಲಿ ಕಬ್ಬಿಣದ ಪಾಲು ಕಡಿಮೆ ಇರಬೇಕು, ಇಲ್ಲವೇ ಮೇಲೆ ಹಗುರಾದ ಯಾವುದೋ ಹೊದಿಕೆ ಇರಬೇಕು. ಮುಂದಿನ ವಾದಗಳೆಲ್ಲ ಈ ಒಂದು ಕೊರತೆಯಿಂದಲೇ ಹುಟ್ಟಿದವು.

ವಜ್ರದ ಸುದ್ದಿ

2012ರ ಅಕ್ಟೋಬರಿನಲ್ಲಿ, ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಭಾರತ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಒಂದು ಸಾಧ್ಯತೆ ಮುಂದಿಟ್ಟರು. ನಕ್ಷತ್ರದಲ್ಲಿ ಆಮ್ಲಜನಕಕ್ಕಿಂತ ಇಂಗಾಲ ಹೆಚ್ಚಿದೆಯೆಂದು ಅದಕ್ಕೆ ಎರಡು ವರ್ಷ ಮುಂಚಿನ ಅಳತೆ ಹೇಳಿತ್ತು. ಹಾಗಿದ್ದರೆ ಗ್ರಹದಲ್ಲೂ ಸಿಲಿಕೇಟು ಕಲ್ಲಿನ ಬದಲು ಇಂಗಾಲ ತುಂಬಿರಬಹುದು, ಒತ್ತಡಕ್ಕೆ ಅದು ವಜ್ರವಾಗಿರಬಹುದು, ಗ್ರಹದ ತೂಕದ ಮೂರನೇ ಒಂದು ಪಾಲು ವಜ್ರವೇ ಇದ್ದರೂ ಇರಬಹುದು. ಪ್ರಬಂಧದಲ್ಲಿದ್ದ ‘ಬಹುದು’ಗಳು ಪತ್ರಿಕೆಗಳಿಗೆ ಬರುವ ಹೊತ್ತಿಗೆ ಉದುರಿಹೋಗಿ ‘ವಜ್ರದ ಗ್ರಹ’ ಮಾತ್ರ ಉಳಿಯಿತು.

ಬಳ್ಳಾರಿ ಕಡೆಯವರಿಗೆ ವಜ್ರದ ಆಸೆ ಹೊಸದಲ್ಲ. 1882ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಅನಂತಪುರದ ವಜ್ರಕರೂರಿನಲ್ಲಿ ವಜ್ರ ಹೊತ್ತುತರುವ ಕಿಂಬರ್ಲೈಟ್ ಶಿಲೆ ಇದೆ. ಮುಂಗಾರು ಬಿದ್ದ ಮೇಲೆ ಆ ಹೊಲಗಳಲ್ಲಿ ಕಲ್ಲು ಆರಿಸುತ್ತ ತಿರುಗುವವರು ಇಂದಿಗೂ ಇದ್ದಾರೆ. ಅಲ್ಲಿಯ ವಜ್ರವೂ ಆಳದ ಒತ್ತಡದಲ್ಲಿ ಇಂಗಾಲ ಗಟ್ಟಿಯಾಗಿಯೇ ಆದದ್ದು. ಗ್ರಹದ ವಜ್ರಕ್ಕೆ ಮಾತ್ರ ಮರು ವರ್ಷವೇ ಪೆಟ್ಟು ಬಿತ್ತು. ಜೋಹಾನಾ ಟೆಸ್ಕೆ ತಂಡ ನಕ್ಷತ್ರದ ರೋಹಿತವನ್ನು ಮತ್ತೆ ಅಳೆದಾಗ ಇಂಗಾಲ ಆಮ್ಲಜನಕಕ್ಕಿಂತ ಕಡಿಮೆ, ಸುಮಾರು ಐದಕ್ಕೆ ನಾಲ್ಕರಂತೆ ಬಂತು. ವಜ್ರದ ಮಾದರಿ ನಿಂತಿದ್ದ ಬುನಾದಿಯೇ ಅಲುಗಿತು. ಜನಪ್ರಿಯ ಬರಹಗಳಲ್ಲಿ ಈ ಬಿರುದು ಇನ್ನೂ ಬಾಳುತ್ತಿರುವುದು ವಜ್ರದ ಗುಣವಲ್ಲ, ಸುದ್ದಿಯ ಗುಣ.

ತಾಪ ಮತ್ತು ಗಾಳಿ

ಗ್ರಹಕ್ಕೂ ನಕ್ಷತ್ರಕ್ಕೂ ನಡುವಿನ ಅಂತರ 23 ಲಕ್ಷ ಕಿಲೋಮೀಟರು. ಬುಧ ಸೂರ್ಯನಿಂದ ಇರುವ ದೂರದ ಇಪ್ಪತ್ತೈದನೇ ಒಂದು ಪಾಲು. ಅಲ್ಲಿಂದ ನಕ್ಷತ್ರ ನಮ್ಮ ಸೂರ್ಯನ ಅರವತ್ತರಷ್ಟು ಅಗಲವಾಗಿ ಕಾಣಬೇಕು. ಬೀಳುವ ಬಿಸಿಲು ಭೂಮಿಯ ಮೇಲಿನದರ ಎರಡು ಸಾವಿರ ಪಟ್ಟಿಗೂ ಮೀರಿದ್ದು. ಇಷ್ಟು ಹತ್ತಿರದಲ್ಲಿ ನಕ್ಷತ್ರದ ಸೆಳೆತ ಗ್ರಹದ ಬುಗುರಿಯಾಟವನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ ಗ್ರಹವೂ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತದೆ ಎಂದು ನಂಬಲಾಗಿದೆ. ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ. ಹಗಲಿನ ಬದಿಯಲ್ಲಿ ನೆಲವೆಂಬುದೇ ಇರಲಾರದು. ಕಲ್ಲು ಕರಗಿ ಶಿಲಾರಸದ ಕಡಲಾಗಿರಬೇಕು.

2012ರಲ್ಲಿ ಸ್ಪಿಟ್ಜರ್ ಈ ಗ್ರಹದ ಅವಕೆಂಪು ಬೆಳಕನ್ನೇ ಹಿಡಿಯಿತು. ಸೂಪರ್ ಅರ್ತ್ ಒಂದರ ಸ್ವಂತ ಕಾವು ಅಳತೆಗೆ ಸಿಕ್ಕಿದ್ದು ಅದೇ ಮೊದಲು. ಇದಕ್ಕೆ ಬಳಸಿದ ಉಪಾಯ ಸಂಕ್ರಮಣದ ತಿರುವು. ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಒಟ್ಟು ಬೆಳಕು ಒಂದಿಷ್ಟು ಇಳಿಯುತ್ತದೆ; ಆ ಇಳಿದದ್ದೇ ಗ್ರಹದ ಪಾಲು. 2016ರಲ್ಲಿ ಡೆಮರಿ ತಂಡ ಇಡೀ ಸುತ್ತನ್ನು ಹಿಂಬಾಲಿಸಿ ಹಗಲಿನ ಬದಿ 2,700 ಕೆಲ್ವಿನ್, ರಾತ್ರಿಯ ಬದಿ 1,400 ಕೆಲ್ವಿನ್ ಸುಮಾರು ಎಂದು ನಕ್ಷೆ ಬರೆಯಿತು. ಅತಿ ಕಾದ ಜಾಗ ನಡುಹಗಲಿನ ನೇರಕ್ಕಿರದೆ ಪೂರ್ವಕ್ಕೆ 41 ಡಿಗ್ರಿ ಸರಿದಿತ್ತು. ಕಾವನ್ನು ಹೊತ್ತೊಯ್ಯುವ ಗಾಳಿಯೋ ಹರಿಯುವ ಶಿಲಾರಸವೋ ಇರಬೇಕೆಂದು ತರ್ಕ ನಡೆಯಿತು. 2022ರಲ್ಲಿ ಅದೇ ದತ್ತಾಂಶವನ್ನು ಬೇರೊಂದು ತಂಡ ಬೇರೆ ವಿಧಾನದಿಂದ ತಿದ್ದಿ ನೋಡಿದಾಗ ಹಗಲಿನ ಬದಿ ಇನ್ನೂ ಬಿಸಿಯಾಗಿ ಬಂತು, ಪೂರ್ವಕ್ಕೆ ಸರಿದ ಬಿಸಿಜಾಗ ಮಾಯವಾಯಿತು. ಹಬಲ್ ದೂರದರ್ಶಕದಿಂದ 2016ರಲ್ಲಿ ಬಂದ, ಜಲಜನಕದ ಗಾಳಿಯಿದೆ ಎಂಬ ವರದಿಯೂ ಗಟ್ಟಿಯಾಗಿ ನಿಲ್ಲಲಿಲ್ಲ. ಗ್ರಹದಿಂದ ಜಲಜನಕವಾಗಲಿ ಹೀಲಿಯಮ್ ಆಗಲಿ ಸೋರುತ್ತಿರುವ ಗುರುತು ಹುಡುಕಿದವರಿಗೆ ಸಿಗಲಿಲ್ಲ. ಇಷ್ಟು ಕಾದ ಗ್ರಹ ಅಂಥ ಹಗುರ ಅನಿಲಗಳನ್ನು ನೂರಾರು ಕೋಟಿ ವರ್ಷ ಹಿಡಿದಿಟ್ಟುಕೊಳ್ಳುವುದು ಮೊದಲೇ ಕಷ್ಟ.

ದೊಡ್ಡ ತಿರುವು ಬಂದದ್ದು ಜೇಮ್ಸ್ ವೆಬ್ ದೂರದರ್ಶಕದಿಂದ. 2024ರ ಮೇ ತಿಂಗಳಲ್ಲಿ ರೆನ್ಯು ಹು ತಂಡ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಗಾಳಿಯೇ ಇಲ್ಲದ ಬರೀ ಶಿಲಾರಸದ ಗ್ರಹವಾಗಿದ್ದರೆ ಹಗಲಿನ ಬದಿ 2,200 ಡಿಗ್ರಿ ಸೆಲ್ಸಿಯಸ್ ಇರಬೇಕಿತ್ತು. ವೆಬ್ ಅಳೆದದ್ದು ಸುಮಾರು 1,540 ಡಿಗ್ರಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಹರಿದುಬರುವ ಕಬ್ಬಿಣದ ರಸ ಎಷ್ಟು ಕಾದಿರುತ್ತದೋ ಹೆಚ್ಚುಕಡಿಮೆ ಅಷ್ಟು. ನಮ್ಮ ಬಿಸಿಲುನಾಡಿನ ಅಳತೆಗೂ ಇದು ಭೀಕರವೇ, ಆದರೆ ಇರಬೇಕಾದ್ದಕ್ಕಿಂತ ತಂಪು. ಹಗಲಿನ ಕಾವು ರಾತ್ರಿಯ ಬದಿಗೆ ಹರಿದುಹೋಗುತ್ತಿದೆ. ಹೊತ್ತೊಯ್ಯಲು ಗಾಳಿ ಬೇಕು. ರೋಹಿತದ ಆಕಾರವೂ ಇಂಗಾಲದ ಮಾನಾಕ್ಸೈಡ್ ಅಥವಾ ಡಯಾಕ್ಸೈಡ್ ಇರುವ ವಾತಾವರಣಕ್ಕೆ ಹೊಂದುತ್ತದೆ. ಇದು ಗ್ರಹ ಹುಟ್ಟಿದಾಗಿನ ಗಾಳಿಯಲ್ಲ. ಅದು ಎಂದೋ ಹಾರಿಹೋಗಿರಬೇಕು; ಶಿಲಾರಸದ ಕಡಲಿನಿಂದ ಹೊಮ್ಮುತ್ತ, ಮೇಲಿನಿಂದ ಕಳೆದುಹೋಗುತ್ತ ಇರುವ ಎರಡನೆಯ ಗಾಳಿ ಇದು ಎಂಬುದು ಆ ತಂಡದ ವಿವರಣೆ.

ಅದೇ ವರ್ಷ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಜಯಶೀಲ್ ಪಟೇಲ್ ಮುಂದಾಳಾಗಿದ್ದ ಇನ್ನೊಂದು ತಂಡ, ವೆಬ್‌ನಿಂದಲೇ ಗ್ರಹ ಐದು ಸಲ ನಕ್ಷತ್ರದ ಹಿಂದೆ ಮರೆಯಾಗುವುದನ್ನು ನೋಡಿ ಚಿತ್ರವನ್ನು ಮತ್ತೆ ಕದಡಿತು. ಒಂದೇ ತರಂಗಾಂತರದಲ್ಲಿ ಹಗಲಿನ ಬದಿಯ ಹೊಳಪು ಒಮ್ಮೆ 600 ಡಿಗ್ರಿಗೆ, ಇನ್ನೊಮ್ಮೆ ಸುಮಾರು 2,000 ಡಿಗ್ರಿಗೆ ಸಮನಾಗಿ ಬಂತು. ಬದಲಾವಣೆಗೆ ಒಂದು ವಾರವೂ ಬೇಕಾಗಿರಲಿಲ್ಲ. ಇಂಥ ಏರಿಳಿತವನ್ನು ಸ್ಪಿಟ್ಜರ್ ಕಾಲದಲ್ಲೂ, ಆಮೇಲೆ ಯುರೋಪಿನ ಕಿಯೋಪ್ಸ್ ಉಪಗ್ರಹದಲ್ಲೂ ಕಂಡಿದ್ದರು. ಜ್ವಾಲಾಮುಖಿಗಳು ಆಗಾಗ ಉಗುಳುವ ಅನಿಲವೇ, ಕಲ್ಲಿನ ಆವಿ ಮೋಡಗಟ್ಟಿ ಕರಗುವುದೇ, ಗಾಳಿ ತಾನೇ ಬಂದು ಹೋಗುವುದೇ ಎಂಬ ವಾದಗಳು ಇತ್ಯರ್ಥವಾಗಿಲ್ಲ. ವಾತಾವರಣ ಇದೆ ಎನ್ನುವ ಪಕ್ಷ ಇಂದು ಬಲವಾಗಿದೆ. ಅದು ಯಾವುದರದ್ದು, ಎಷ್ಟು ದಪ್ಪ ಎಂದು ಖಚಿತವಾಗಿ ಹೇಳುವ ಬರಹವನ್ನು ಅನುಮಾನದಿಂದಲೇ ಓದಬೇಕು.

ಹುಟ್ಟು

ಇಷ್ಟು ಹತ್ತಿರ ದೂಳು ಕೂಡ ಆವಿಯಾಗುವುದರಿಂದ ಗ್ರಹ ಇಲ್ಲೇ ಹುಟ್ಟಿರಲಾರದು. ದೂರದಲ್ಲಿ ಹುಟ್ಟಿ ಒಳಕ್ಕೆ ಸರಿದಿರಬೇಕು. 2022ರಲ್ಲಿ ಲಿಲಿ ಝಾವೋ ತಂಡ ಅರಿಜೋನಾದ ಲೊವೆಲ್ ದೂರದರ್ಶಕಕ್ಕೆ ಜೋಡಿಸಿದ ರೋಹಿತಮಾಪಕದಿಂದ, ಗ್ರಹದ ದಾರಿ ನಕ್ಷತ್ರದ ಸಮಭಾಜಕಕ್ಕೆ ಹತ್ತಿರವೇ ಇದೆಯೆಂದು ಅಳೆಯಿತು. ಒಳಕ್ಕೆ ಬಂದದ್ದು ಡಿಕ್ಕಿ, ಎಸೆತಗಳಿಂದಲ್ಲ, ಮೆಲ್ಲಗೆ ಸರಿದು ಎನ್ನುವುದಕ್ಕೆ ಇದು ಪುಷ್ಟಿ.

ಹೆಸರು

2015ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸಾರ್ವಜನಿಕರ ಮತದಿಂದ ಆರಿಸಿದ ಹೆಸರುಗಳನ್ನು ಪ್ರಕಟಿಸಿತು. ನೆದರ್‌ಲ್ಯಾಂಡ್ಸಿನ ಸಂಘವೊಂದರ ಸೂಚನೆಯಂತೆ ನಕ್ಷತ್ರ ಕೊಪರ್ನಿಕಸ್ ಆಯಿತು. ಗ್ರಹಗಳು ಗೆಲಿಲಿಯೋ, ಬ್ರಾಹೆ, ಲಿಪರ್‌ಹೇ, ಯಾನ್ಸೆನ್, ಹ್ಯಾರಿಯಟ್ ಆದವು. ನಮ್ಮ ಗ್ರಹಕ್ಕೆ ಹೆಸರು ಕೊಟ್ಟವನು ದೂರದರ್ಶಕ ಕಂಡುಹಿಡಿದವರ ಸಾಲಿನಲ್ಲಿ ಹೆಸರು ಕೇಳಿಬರುವ ಡಚ್ ಕನ್ನಡಕ ತಯಾರಕ ಜಕಾರಿಯಾಸ್ ಯಾನ್ಸೆನ್. 1868ರ ಆಗಸ್ಟ್ 18ರ ಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರೆಂಚ್ ಖಗೋಳಜ್ಞ ಜೂಲ್ಸ್ ಜಾನ್ಸೆನ್ ಬೇರೆ. ಅದೇ ಗ್ರಹಣವನ್ನು ನಮ್ಮ ಜಮಖಂಡಿಯಲ್ಲಿ ನಿಂತು ರೋಹಿತದರ್ಶಕದಿಂದ ನೋಡಿದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ದೂರದ ಬೆಳಕನ್ನು ಒಡೆದು ಅದರಲ್ಲಿರುವ ಅನಿಲವನ್ನು ಹೇಳುವ ವಿದ್ಯೆ ಆ ಗ್ರಹಣದ ಡೇರೆಗಳಲ್ಲೇ ಬಲಿಯಿತು. ಹೆಸರು ಆ ಜಾನ್ಸೆನ್‌ಗೆ ಹೋಗಿದ್ದರೂ ತಪ್ಪೇನೂ ಇರುತ್ತಿರಲಿಲ್ಲ.

ಈ ಗ್ರಹ ಇದೆಯೆಂದು ಯಾರಿಗೂ ಗೊತ್ತಿಲ್ಲದ 2003ರ ಜುಲೈ 6ರಂದು ಕ್ರಿಮಿಯಾದ ಎವ್ಪತೋರಿಯಾ ರೇಡಿಯೋ ದೂರದರ್ಶಕದಿಂದ ಕಳಿಸಿದ ಸಂದೇಶಗಳಲ್ಲಿ ಒಂದು 55 ಕ್ಯಾನ್ಕ್ರಿಯತ್ತ ಹೊರಟಿದೆ. ಅದು 2044ರಲ್ಲಿ ತಲುಪುತ್ತದೆ. ಓದುವವರು ಅಲ್ಲಿದ್ದರೆ, ಈ ಗ್ರಹದವರಂತೂ ಆಗಿರಲಾರರು.

ಇಂಥವೇ ಬೇರೆ ಗ್ರಹಗಳು

2009ರಲ್ಲಿ ಫ್ರಾನ್ಸಿನ ಕೋರೋ ಉಪಗ್ರಹಕ್ಕೆ ಸಿಕ್ಕ ಕೋರೋ-7ಬಿ ಈ ಜಾತಿಯ ಮೊದಲ ಸಂಕ್ರಮಣ ಗ್ರಹ. ಸುತ್ತು 20 ಗಂಟೆ ಚಿಲ್ಲರೆ. 2011ರ ಕೆಪ್ಲರ್-10ಬಿ ಸುಮಾರು 600 ಜ್ಯೋತಿರ್ವರ್ಷ ದೂರದ, ಸೂರ್ಯನಂಥ ಹಳೆಯ ನಕ್ಷತ್ರದ್ದು. ಅದರ ಗಾತ್ರ ಭೂಮಿಯ ಒಂದೂವರೆಯಷ್ಟು, ಅದೂ 20 ಗಂಟೆಗೊಂದು ಸುತ್ತು. ಎರಡರ ನಕ್ಷತ್ರಗಳೂ ಬಹಳ ಮಂಕಾದ್ದರಿಂದ ಅವುಗಳ ಗಾಳಿಯನ್ನು ಶೋಧಿಸುವುದು ಕಷ್ಟ. ಹತ್ತೂವರೆ ಗಂಟೆಗೆ ಸುತ್ತು ಮುಗಿಸುವ ಟಿಓಐ-561ಬಿ ಮೇಲೆ 2025ರಲ್ಲಿ ವೆಬ್ ದಟ್ಟ ವಾತಾವರಣದ ಗುರುತು ಕಂಡಿತು. ಕಾದ ಸೂಪರ್ ಅರ್ತ್‌ಗಳೆಲ್ಲ ಬೋಳು ಕಲ್ಲುಗಳೆಂಬ ಹಳೆಯ ಎಣಿಕೆಗೆ 55 ಕ್ಯಾನ್ಕ್ರಿ ಇ ಒಂದೇ ಅಪವಾದವಲ್ಲ ಎಂದಾಯಿತು.

ಭಾರತದಲ್ಲಿ ಹೊರಗ್ರಹಗಳ ತೂಕ ಅಳೆಯುವ ಕೆಲಸ ಮುಖ್ಯವಾಗಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ್ದು. ಮೌಂಟ್ ಅಬುವಿನ ಪಾರಸ್ ರೋಹಿತಮಾಪಕದಿಂದ ಅದು 2018ರಲ್ಲಿ 27 ಭೂಮಿಗಳಷ್ಟು ತೂಕದ ಗ್ರಹವೊಂದನ್ನು ದೃಢಪಡಿಸಿತು. ಕರ್ನಾಟಕದ ಮಟ್ಟಿಗೆ, ಲಡಾಖಿನ ಹಾನ್ಲೆಯಲ್ಲಿರುವ ‘ಚಂದ್ರ’ ಎಂಬ ಹೆಸರಿನ ಎರಡು ಮೀಟರಿನ ದೂರದರ್ಶಕವನ್ನು ಖಭೌತ ಸಂಸ್ಥೆಯವರು ಹೊಸಕೋಟೆಯ ಆವರಣದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅದೇ ಆವರಣದಲ್ಲಿ ಮೂವತ್ತು ಮೀಟರಿನ ಅಂತರರಾಷ್ಟ್ರೀಯ ದೂರದರ್ಶಕಕ್ಕೆ ಬೇಕಾದ ಕನ್ನಡಿ ತುಣುಕುಗಳಿಗೆ ಹೊಳಪು ಕೊಡುವ ಘಟಕವನ್ನು ಕಟ್ಟಿದ್ದಾರೆ.